ನೆರವಿನ ಗಾಡಿ ಎಲ್ಲಿಯವರೆಗೆ?

ಪ್ರಶ್ನೆ: ಕಷ್ಟ ಜಾಸ್ತಿ ಇರುವ ಊರಿಗೇ ವಿದೇಶಿ ನೆರವು ಮೊದಲು ಹೋಗಬೇಕು, ಅಲ್ವಾ ಸರ್? ಯಾಕೆ ಹೋಗುವುದಿಲ್ಲ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹೋಗಬೇಕು, ನಿಜ. ಆದರೆ ನೆರವು ಅಂದರೆ ಸುಮ್ನೆ ದುಡ್ಡಲ್ಲ, ಅದನ್ನು ಹೊತ್ತು ಹೋಗುವವರು ಮನುಷ್ಯರು. ಆಫ್ಘಾನಿಸ್ತಾನದಲ್ಲಿ ಜರಂಜ್‌ನಿಂದ ದೆಲಾರಾಮ್‌ವರೆಗೆ 218 ಕಿ.ಮೀ. ರಸ್ತೆ ಹಾಕಿದ್ದು ನಮ್ಮ ಗಡಿ ರಸ್ತೆ ಸಂಸ್ಥೆ. 2005ರಲ್ಲಿ ಅದರ ಚಾಲಕರೊಬ್ಬರನ್ನು ತಾಲಿಬಾನ್ ಅಪಹರಿಸಿ ಕೊಂದಿತು. ಆಮೇಲೆ ಡಾಂಬರು ಹಾಕುವವರ ಕಾವಲಿಗೆ ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಜವಾನರು ಹೋದರು. ರಸ್ತೆ ಮುಗಿಯಿತು. ಸರ್ಕಾರಕ್ಕೆ ಹೀಗೆ ಬಂದೂಕಿನ ಕಾವಲು ಸಾಧ್ಯ. ವೈದ್ಯರ ಸಂಸ್ಥೆಗೆ ಅದು ಆಗದು, ಬಂದೂಕು ಕಂಡರೆ ರೋಗಿಯೇ ಹತ್ತಿರ ಬರುವುದಿಲ್ಲ.

2004ರಲ್ಲಿ ಅದೇ ಆಫ್ಘಾನಿಸ್ತಾನದ ಬದ್ಗಿಸ್ ಪ್ರಾಂತ್ಯದಲ್ಲಿ ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆಯ ಐವರನ್ನು ಗುಂಡಿಟ್ಟು ಕೊಂದರು. 24 ವರ್ಷ ಅಲ್ಲಿದ್ದ ಸಂಸ್ಥೆ ಇಡೀ ದೇಶವನ್ನೇ ಬಿಟ್ಟಿತು. ಮರಳಿದ್ದು 2009ರಲ್ಲಿ. ಆ ಐವರು ಸತ್ತಾಗ ನಾನು ಪತ್ರಿಕೆಯ ಡೆಸ್ಕ್‌ನಲ್ಲಿದ್ದೆ. ಆ ಸುದ್ದಿಯನ್ನು ನಾಲ್ಕೇ ಸಾಲು ಮಾಡಿ ಒಳಪುಟಕ್ಕೆ ತಳ್ಳಿದ್ದೆ. ನೆನೆದರೆ ಈಗಲೂ ನಾಚಿಕೆ.

ಹಾಗಾಗಿ ನೆರವು ಪಟ್ಟಣದ ಸುತ್ತಲೇ ಗಿರಕಿ ಹೊಡೆಯುತ್ತದೆ. ದೂರದ ಹಳ್ಳಿಯ ಕೆಲಸ ಫೋನಿನಲ್ಲೇ ನಡೆಯುತ್ತದೆ. ಕೈಪಂಪಿನ ಫೋಟೊ ಬಂದರೆ ಲೆಕ್ಕ ಚುಕ್ತಾ. ಆ ಫೋಟೊ ತೆಗೆಯಲು ಹೋಗುವವನು ಮಾತ್ರ ಸ್ಥಳೀಯ ಹುಡುಗ. ಬದ್ಗಿಸ್‌ನ ಆ ಐವರಲ್ಲೂ ಇಬ್ಬರು ಆಫ್ಘನ್ನರೇ.