ಲೋಬಾಲ್ ಪೋಕರ್: ಗೆಲ್ಲೋ ಕೈಯನ್ನೂ ಬಿಡಬೇಕಾದ ಹೊತ್ತು

ಪ್ರಶ್ನೆ: ಸರ್, ಬೆಳಗಾವಿಯ ಟಿಳಕವಾಡಿಯಲ್ಲಿ ನಾವು ಗೆಳೆಯರು ಸೇರಿ ಭಾನುವಾರ ಡ್ಯೂಸ್ ಟು ಸೆವೆನ್ ಸಿಂಗಲ್ ಡ್ರಾ (ಐದು ಎಲೆಯ ಲೋಬಾಲ್ ಆಟ, ಎಲೆ ಬದಲಿಸೋಕೆ ಒಂದೇ ಅವಕಾಶ, ಎಲ್ಲಕ್ಕಿಂತ ಕಡಿಮೆ ಕೈ ಗೆಲ್ಲುತ್ತದೆ) ಆಡುತ್ತೇವೆ. ದುಡ್ಡಿಲ್ಲ, ಬರೀ ಚಿಪ್ಸ್ (ಬಿಲ್ಲೆಗಳು). ಹೋದ ವಾರ ನಾಲ್ವರು ಉಳಿದಿದ್ದೆವು. ಮುಂದಿನ ಸುತ್ತಿಗೆ ಮೂವರಿಗೆ ಮಾತ್ರ ಜಾಗ. ಎಲ್ಲರ ಚಿಪ್ಸೂ ಹೆಚ್ಚುಕಡಿಮೆ ಸಮ. ನನಗೆ 10-9-6-4-2 ಬಂತು. ಎದುರಿನವನು ಆಲ್ ಇನ್ ಹೋದ, ಅಂದರೆ ಇದ್ದ ಚಿಪ್ಸನ್ನೆಲ್ಲ ಪಣಕ್ಕಿಟ್ಟ. ನಾನು ಕಾಲ್ ಮಾಡಿದೆ, ಅಷ್ಟನ್ನೇ ನಾನೂ ಇಟ್ಟೆ. ಅವನು ಒಂದು ಎಲೆ ಬದಲಿಸಿದ, ನಾನು ಬದಲಿಸಲಿಲ್ಲ. ಅವನ ಕೈಯಲ್ಲಿ ಇದ್ದದ್ದು 7-5-3-2, ಬಂದದ್ದು 8. ನಾನು ಹೊರಗೆ! ಹತ್ತನ್ನು ಎಸೆದು ನಾನೂ ಒಂದು ಎಲೆ ತಗೋಬೇಕಿತ್ತಾ?

ಉತ್ತರ: ಬೇಡ. ಎಲೆ ಬದಲಿಸದೆ ಕೂತದ್ದು ಸರಿಯೇ. ತಪ್ಪಿದ್ದು ಅದಕ್ಕೂ ಮೊದಲು, ಕಾಲ್ ಮಾಡಿದಾಗ.

ಮೊದಲು ಲೆಕ್ಕ ನೋಡೋಣ. ನಿಮ್ಮನ್ನು ಸೋಲಿಸೋಕೆ ಅವನಿಗೆ 4, 6, 8, 9 ಅಥವಾ 10 ಬರಬೇಕು. ಹತ್ತು ಬಂದರೂ ಅವನದು 10-7, ನಿಮ್ಮದು 10-9, ಎರಡನೇ ಎಲೆ ಚಿಕ್ಕದಾದ್ದರಿಂದ ಅವನೇ ಗೆಲ್ಲುತ್ತಾನೆ. ಇವುಗಳಲ್ಲಿ ನಾಲ್ಕು ಎಲೆ ನಿಮ್ಮ ಕೈಯಲ್ಲೇ ಇವೆ, ಹಾಗಾಗಿ ಉಳಿದದ್ದು 16. ನಿಮ್ಮ ಐದು ಎಲೆ, ಅವನ ನಾಲ್ಕು, ಅವನು ಎಸೆದ ಒಂದು ದೊಡ್ಡ ಎಲೆ ಬಿಟ್ಟರೆ ಕಾಣದವು 42. ಅಂದರೆ ನೂರಕ್ಕೆ 38 ಸಲ ಅವನು, 62 ಸಲ ನೀವು. ಹತ್ತನ್ನು ಎಸೆದು 9-6-4-2 ಹಿಡಿದಿದ್ದರೆ ಇಬ್ಬರೂ ಒಂದೊಂದು ಎಲೆಗೆ ಕಾಯುವವರೇ ಆಗುತ್ತಿದ್ದಿರಿ. ಅದರಲ್ಲಿ ಅವನ ಎಲೆಗಳೇ ಚೆನ್ನಾಗಿವೆ.

62 ಅಂದರೆ ಒಳ್ಳೆಯದೇ ಅಲ್ವಾ? ಟೂರ್ನಮೆಂಟಿನ ಮೊದಲ ಗಂಟೆಯಲ್ಲಿ ಹೌದು. ಇಲ್ಲಿ ಅಲ್ಲ. ನಾಲ್ವರ ಚಿಪ್ಸ್ ಸಮ ಇದ್ದು ಮೂವರಿಗೆ ಜಾಗ ಇದ್ದರೆ, ಸುಮ್ನೆ ಫೋಲ್ಡ್ ಮಾಡಿ (ಕೈ ಬಿಟ್ಟು) ಕೂತರೂ ನಿಮಗೆ ಸುಮಾರು ನೂರಕ್ಕೆ 75 ಅವಕಾಶ ಇದೆ. ಕಾಲ್ ಮಾಡಿ ಅದನ್ನು 62ಕ್ಕೆ ಇಳಿಸಿಕೊಂಡಿರಿ. ಆ 62 ಕೂಡ ಅವನ ಎಲೆ ನೋಡಿದ ಮೇಲಿನ ಮಾತು. ಕಾಲ್ ಮಾಡುವ ಹೊತ್ತಿಗೆ ಅವನು ಒಂದು ಎಲೆ ಬದಲಿಸುತ್ತಾನೋ, 8ರ ಕೈ (ದೊಡ್ಡ ಎಲೆ 8 ಇರುವ ಕೈ) ಹಿಡಿದು ಪ್ಯಾಟ್, ಅಂದರೆ ಎಲೆ ಬದಲಿಸದೆ, ಕೂರುತ್ತಾನೋ ನಿಮಗೆ ಗೊತ್ತಿರಲಿಲ್ಲ. ಚಿಪ್ಸ್ ಇಮ್ಮಡಿಯಾದರೂ ಸಿಗುವ ಜಾಗ ಒಂದೇ, ಎರಡಲ್ಲ.

ಈಗ ಇದನ್ನೇ ತಿರುಗಿಸಿ. ಅದೇ 10-9-6-4-2 ಹಿಡಿದು ನೀವೇ ಮೊದಲು ಆಲ್ ಇನ್ ಹೋಗಿದ್ದರೆ? ಆಗ 75ರ ಲೆಕ್ಕ ಹಾಕಬೇಕಾದವನು ಅವನು. 7-5-3-2 ನೋಡೋಕೆ ಎಷ್ಟೇ ಚೆಂದ ಇರಲಿ, ಅದಿನ್ನೂ ಕೈ ಆಗಿಲ್ಲ. ಬುದ್ಧಿ ಇದ್ದವನು ಬಿಡುತ್ತಾನೆ. ಮೊದಲು ಆಲ್ ಇನ್ ತಳ್ಳೋಕೆ ಸಾಕಾಗುವ ಕೈ ಕಾಲ್ ಮಾಡೋಕೆ ಸಾಕಾಗೋದಿಲ್ಲ. ಇನ್ನು ಹೊರಗೆ ಹೋಗಬೇಕಾದವರು ಕಡಿಮೆಯಾದಷ್ಟೂ ಈ ಅಂತರ ಜಾಸ್ತಿ ಆಗುತ್ತದೆ. ನಗದು ಬಹುಮಾನದ ಟೂರ್ನಮೆಂಟಿನಲ್ಲಿ ಇದು ಇಷ್ಟು ಕಟ್ಟುನಿಟ್ಟಲ್ಲ, ಅಲ್ಲಿ ಮೊದಲ ಸ್ಥಾನಕ್ಕೆ ದೊಡ್ಡ ಮೊತ್ತ ಇರುತ್ತದೆ.

ಇನ್ನೊಂದು ಮಾತು. ಆಲ್ ಇನ್ ಆಗದೆ ಇಬ್ಬರ ಬಳಿಯೂ ಚಿಪ್ಸ್ ಉಳಿದಿದ್ದರೆ ಈ ಹತ್ತರ ಕೈ ಇನ್ನೂ ಕಷ್ಟದ್ದು. ಎಲೆ ಬದಲಿಸಿದ ಮೇಲೆ ಅವನು ದೊಡ್ಡ ಬೆಟ್ ಹಾಕಿದರೆ ನೀವು ಊಹೆಯ ಮೇಲೆ ಆಡಬೇಕು. ಅವನಿಗೆ 8 ಬಂದಿರಬಹುದು, ಜೋಡಿ ಬಂದು ಸುಳ್ಳು ಬೆಟ್ ಹಾಕುತ್ತಿರಬಹುದು. ಅದಕ್ಕೇ ಈ ಆಟದಲ್ಲಿ ಸರದಿ ಕೊನೆಗೆ ಬರುವವನ ಜಾಗಕ್ಕೆ ಅಷ್ಟು ಬೆಲೆ. ಯಾರು ಎಷ್ಟು ಎಲೆ ಎಸೆದರು ಅಂತ ನೋಡಿಯೇ ಅವನು ತನ್ನದನ್ನು ಎಸೆಯುತ್ತಾನೆ.

ಪ್ರಶ್ನೆ: ನಾವು ಬಾಗಲಕೋಟೆಯವರು, ತೀನ್ ಪತ್ತಿಯ ಮುಫ್ಲಿಸ್ (ಕಡಿಮೆ ಕೈ ಗೆಲ್ಲುವ ಮೂರೆಲೆ ಆಟ) ಆಡಿ ರೂಢಿ. ಡ್ಯೂಸ್ ಟು ಸೆವೆನ್‌ನಲ್ಲಿ ನನ್ನ ಬಳಿ 2-3-4-5 ಇತ್ತು, ರಾಜನನ್ನು ಎಸೆದೆ, 6 ಬಂತು. ಗೆದ್ದೆ ಅಂದುಕೊಂಡೆ. ಸೋತೆ ಅಂದರು! ಎಕ್ಕ ಬಂದಿದ್ದರೆ?

ಉತ್ತರ: ಅವರು ಹೇಳಿದ್ದು ಸರಿ. ಕಡಿಮೆ ಎಲೆ ಗೆಲ್ಲೋದು ಹೌದು, ಆದರೆ ಡ್ಯೂಸ್ ಟು ಸೆವೆನ್‌ನಲ್ಲಿ ಸೀಕ್ವೆನ್ಸ್ ಮತ್ತು ಒಂದೇ ಗುರುತಿನ (ಐದೂ ಇಸ್ಪೀಟು, ಐದೂ ಆಟೀನು ಹೀಗೆ) ಐದು ಎಲೆ ಎರಡೂ ನಿಮಗೆ ವಿರುದ್ಧ. 2-3-4-5-6 ಸೀಕ್ವೆನ್ಸ್, ಮೂರು ರಾಜರಿಗಿಂತ ಕೆಟ್ಟ ಕೈ. ಎಕ್ಕ ಇಲ್ಲಿ ಯಾವಾಗಲೂ ದೊಡ್ಡದು. ಹಾಗಾಗಿ ಎಕ್ಕದ ಜೊತೆ 2-3-4-5 ಸೀಕ್ವೆನ್ಸ್ ಆಗೋದಿಲ್ಲ, ಬರೀ ಎಕ್ಕದ ಕೈ ಆಗುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಐದೂ ಒಂದೇ ಗುರುತಿನದಲ್ಲದ 7-5-4-3-2. 8ರ ಕೈ ಅಥವಾ ಅದಕ್ಕಿಂತ ಒಳ್ಳೆಯದು ಮಾಡೋಕೆ 2-3-4-5ಕ್ಕೆ ಕಾಣದ 47 ಎಲೆಗಳಲ್ಲಿ ಎಂಟೇ ಇವೆ. 2-3-4-7ಕ್ಕೆ ಹನ್ನೆರಡು.

ಪ್ರಶ್ನೆ: ನಮ್ಮ ತಮ್ಮ ಗೋವಾದ ಕ್ಯಾಸಿನೋಗೆ ಹೋಗಿ ಬಂದವನು ಈಗ ಲಾಸ್ ವೇಗಸ್‌ನ 10,000 ಡಾಲರ್ ಟೂರ್ನಮೆಂಟಿಗೆ ಹೋಗುತ್ತೇನೆ ಅಂತಾನೆ. ವಿಜಯಪುರದ ಹೊಲದ ಮೇಲೆ ಸಾಲ ಎತ್ತೋಣ ಅಂತ ಅಪ್ಪನ ಹತ್ತಿರ ಮಾತಾಡಿದ್ದಾನೆ. ಏನು ಹೇಳಲಿ?

ಉತ್ತರ: ಅಕ್ಕಾರೇ, ಹೊಲ ಮುಟ್ಟಬೇಡ ಅನ್ನಿ. ಇಂಥ ಟೂರ್ನಮೆಂಟಿನಲ್ಲಿ ದುಡ್ಡು ಸಿಗೋದು ಸಾಮಾನ್ಯವಾಗಿ ನೂರರಲ್ಲಿ ಹದಿನೈದು ಮಂದಿಗೆ, ಉಳಿದವರ ಫೀಸು ಪೂರ್ತಿ ಹೋಗುತ್ತದೆ. ಎದುರು ಕೂರುವವರೂ ಹೊಸಬರಲ್ಲ. ದೊಡ್ಡ ಆಟಗಾರರೇ ಎಷ್ಟೋ ಜನ ಇಡೀ ಫೀಸನ್ನು ಸ್ವಂತ ಜೇಬಿನಿಂದ ಕಟ್ಟೋದಿಲ್ಲ, ಮುಂದೆ ಬರಬಹುದಾದ ಗೆಲುವಿನಲ್ಲಿ ಪಾಲು ಮಾರಿ ಕೂರುತ್ತಾರೆ. ಅವನಿಗೆ ಆಟವೇ ಬೇಕಿದ್ದರೆ ಲಾಸ್ ವೇಗಸ್‌ನ ದೊಡ್ಡ ಟೂರ್ನಮೆಂಟ್ ಸರಣಿಯಾದ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ ಇದೇ ಡ್ಯೂಸ್ ಟು ಸೆವೆನ್ ಆಟದ 1,500 ಡಾಲರಿನದೂ ಇರುತ್ತದೆ. ಅಮೆರಿಕದ ಹೆಸರಾಂತ ಆಟಗಾರ ಫಿಲ್ ಹೆಲ್ಮ್ಯೂತ್ 2021ರಲ್ಲಿ ತನ್ನ 16ನೇ ಬ್ರೇಸ್‌ಲೆಟ್ (ಅಲ್ಲಿ ಗೆದ್ದವರಿಗೆ ಕೊಡುವ ಕೈಕಡಗ) ಗೆದ್ದದ್ದು ಅದರಲ್ಲೇ. ಅದೂ ಸಾಲದ ದುಡ್ಡಲ್ಲಿ ಬೇಡ.

ಗೆದ್ದರೆ ತೆರಿಗೆಯೂ ಇದೆ. ಹೊರದೇಶದವರ ಗೆಲುವಿನಿಂದ ಅಮೆರಿಕ 30% ಮುರಿದುಕೊಳ್ಳುತ್ತದೆ. ನಮ್ಮಲ್ಲೂ ಇಸ್ಪೀಟಿನ ಗೆಲುವಿಗೆ 30%, ಅದರ ಮೇಲೆ ಸೆಸ್. ಅಲ್ಲಿ ಕಟ್ಟಿದ್ದನ್ನು ಇಲ್ಲಿ ತೋರಿಸಿ ಹೊಂದಿಸಿಕೊಳ್ಳೋಕೆ ಅವಕಾಶ ಇದೆ, ಅದಕ್ಕೆ ಒಬ್ಬ ಒಳ್ಳೆಯ ಸಿಎ ಬೇಕು. ಆದರೆ ವಿಮಾನದ ಖರ್ಚು, ಸೋತ ಟೂರ್ನಮೆಂಟುಗಳ ಫೀಸು ಯಾವುದನ್ನೂ ಗೆಲುವಿನಿಂದ ಕಳೆಯುವಂತಿಲ್ಲ. ಲೋಬಾಲ್‌ನಲ್ಲೇ ಏಳು ಬ್ರೇಸ್‌ಲೆಟ್ ಗೆದ್ದ ಬಿಲ್ಲಿ ಬ್ಯಾಕ್ಸ್ಟರ್, ತನ್ನ ಗೆಲುವು ದುಡಿಮೆಯ ಆದಾಯ ಅಂತ ಅಮೆರಿಕ ಸರ್ಕಾರದ ಮೇಲೆ ಕೇಸು ಹಾಕಿ 1986ರಲ್ಲಿ ಗೆದ್ದರು. ನಮ್ಮ ಕಾಯ್ದೆಯಲ್ಲಿ ಆ ದಾರಿ ಇಲ್ಲ.

ಅಭ್ಯಾಸಕ್ಕೆ ಅಂತ ಮೊಬೈಲಿನಲ್ಲಿ ದುಡ್ಡು ಹಾಕಿ ಆಡುತ್ತೇನೆ ಅಂದರೆ ಅದಕ್ಕೂ ಒಪ್ಪಬೇಡಿ. ಹಣ ಇಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ 2025ರ ಆಗಸ್ಟ್‌ನಲ್ಲೇ ಸಂಸತ್ತಿನಲ್ಲಿ ಪಾಸಾಗಿದೆ. ಟಿಳಕವಾಡಿಯವರ ಹಾಗೆ ಬರೀ ಚಿಪ್ಸ್ ಇಟ್ಟು ಮನೆಯಲ್ಲೇ ಆಡಲಿ.