ಸರ್ಕ್ಯುಲರ್ ಎಕಾನಮಿ ಅಂದರೆ ಏನು? ನಮ್ಮ ಕಡೆ ಅದಕ್ಕೆ ಉದಾಹರಣೆ ಇದೆಯಾ?

ಒಮ್ಮೆ ಬಳಸಿ ಬಿಸಾಡುವ ಬದಲು ಅದನ್ನೇ ಮತ್ತೆ ಮತ್ತೆ ಕೆಲಸಕ್ಕೆ ಹಚ್ಚುವುದು, ಇಷ್ಟೇ. ಉದಾಹರಣೆಗೆ ಕೋಲಾರದ ಕೆರೆಗಳನ್ನೇ ನೋಡಿ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ, ಪೈಪಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಿಡುತ್ತಾರೆ. ಅದು ತುಂಬಿ ಕೋಡಿ ಹರಿದರೆ ಮುಂದಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ. ದಿನಕ್ಕೆ 44 ಕೋಟಿ ಲೀಟರ್ ಕೊಡುವ ಯೋಜನೆ ಇದು. ಕೆರೆಯಿಂದ ನೇರವಾಗಿ ಹೊಲಕ್ಕೆ ನೀರೆತ್ತುವಂತಿಲ್ಲ. ನೀರು ನೆಲಕ್ಕೆ ಇಂಗಬೇಕು, ಬತ್ತಿಹೋದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಬರಬೇಕು ಅನ್ನೋದೇ ಲೆಕ್ಕ. ನನ್ನ ತಕರಾರು ಒಂದೇ: ಯೋಜನೆ ರೂಪಿಸಿದ್ದು ಎರಡನೇ ಹಂತದ ಶುದ್ಧೀಕರಣಕ್ಕೆ ಮಾತ್ರ, ಅಂದರೆ ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಕರಗಿಸುವವರೆಗೆ. ಜನ ಕುಡಿಯೋದೂ ಅದೇ ಬೋರ್‌ವೆಲ್ ನೀರು ಅಲ್ವಾ? ಉಳಿದ ಕಲ್ಮಶವನ್ನೂ ತೆಗೆಯುವ ಮೂರನೇ ಹಂತ ಬೇಕೇ ಬೇಕು ಅಂತ ಅಲ್ಲಿನ ರೈತರು ಕೇಳುವುದರಲ್ಲಿ ನ್ಯಾಯವಿದೆ.