ಕೂಸು ಒಂದೂರಾಗ, ಲೆಕ್ಕ ಇನ್ನೊಂದೂರಾಗ

ಮೇಡಂ, ನೀವು ಎರಡು ಮಾತು ಕೇಳಿದ್ರಿ. ಮೈಸೂರಿಂದ ಹುಬ್ಬಳ್ಳಿಗೆ ಬಂದು ಎರಡು ತಿಂಗಳಾತು, ಹನ್ನೊಂದು ತಿಂಗಳ ಮಗನ ಹೆಸರು ಇಲ್ಲಿ ನರ್ಸ್ ಕಡೆ ಇರೋ ಲಸಿಕೆ ಪಟ್ಟ್ಯಾಗ ಇಲ್ಲ, ಯಾಕ ಅಂತ ಒಂದು. ಇನ್ನೊಂದು ಸ್ವಲ್ಪ ಹಿಂದ ಮುಂದ ನೋಡಿ ಕೇಳಿದ್ರಿ, ನಿಮ್ಮ ಕಡೆ ಎಚ್‌ಐವಿ ಭಾಳ ಅಂತಾರಲ್ಲ ಖರೇನ ಅಂತ. ಇವೆರಡೂ ಬ್ಯಾರೆ ಬ್ಯಾರೆ ಅನ್ನಸ್ತಾವು, ಆದ್ರ ಎರಡಕ್ಕೂ ಬೇರು ಒಂದ ಐತಿ, ಅದಕ್ಕ ಕೂಡಿಸೇ ಹೇಳ್ತೀನಿ, ಉದ್ದ ಆದ್ರ ಬೈಬ್ಯಾಡ್ರಿ. ನಾ ಡಾಕ್ಟರ್ ಅಲ್ಲ, ಗದಗ ಬಸ್‌ಸ್ಟ್ಯಾಂಡ್ ಹತ್ರ ಜೆರಾಕ್ಸ್ ಅಂಗಡಿ ಇಟ್ಕೊಂಡಾಂವ. ನಮ್ಮ ವೈನಿ ಮುಂಡರಗಿ ಕಡೆ ಹಳ್ಳ್ಯಾಗ ಆಶಾ ಕೆಲಸ ಮಾಡ್ತಾಳ, ಆಕೀ ಪಟ್ಟಿ, ಸರ್ವೆ ಫಾರ್ಮ್, ಎಲ್ಲಾ ನನ್ನ ಮಷಿನ್‌ನ್ಯಾಗ ಹಾದು ಹೋಗಿರತಾವು. ರೊಕ್ಕ ಕೊಡಂಗಿಲ್ಲ, ಅದು ಬ್ಯಾರೆ ಮಾತು.

ಮೊದಲು ನಮ್ಮ ಮಂದಿ ಹೆಂಗ ಓಡಾಡತಾರ ನೋಡ್ರಿ. ಹುಡುಗಿ ಗಂಡನ ಮನಿ ಮುಂಡರಗಿ ಅಂತ ಇಟ್ಕೊರಿ, ತವರು ಹಾನಗಲ್. ಕುಬಸ ಮಾಡಿ ತವರಿಗೆ ಕರ್ಕೊಂಡು ಹೋಗ್ತಾರ, ಚೊಚ್ಚಲ ಹೆರಿಗಿ ಅಲ್ಲೇ ಆಗಬೇಕು, ಏನರ ತೊಂದ್ರಿ ಆತು ಅಂದ್ರ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರಿ ಕಿಮ್ಸ್‌ಗೆ ಕಳಸ್ತಾರ, ಕೂಸು ಅಲ್ಲಿ ಹುಟ್ಟತೈತಿ, ಟಿಬಿಗೆ ಹಾಕೋ ಬಿಸಿಜಿ, ಹೆಪಟೈಟಿಸ್ ಬಿ, ಹುಟ್ಟಿದ ಕೂಡ್ಲೆ ಹಾಕೋ ಪೋಲಿಯೋ ಹನಿ ಹುಬ್ಬಳ್ಳಿ ಲೆಕ್ಕಕ್ಕ ಹೋತು. ಆಮ್ಯಾಲೆ ಆರು ವಾರ, ಹತ್ತು ವಾರ, ಹದಿನಾಲ್ಕು ವಾರದ ಪೆಂಟಾ, ಅಂದ್ರ ಐದು ಜಡ್ಡಿಗೆ ಒಂದ ಸೂಜಿ, ಹಾನಗಲ್ ಲೆಕ್ಕಕ್ಕ. ಐದನೇ ತಿಂಗಳಿಗೆ ತೊಟ್ಟಿಲ ಸಮೇತ ಗಂಡನ ಮನಿಗೆ ಬರ್ತಾಳ. ಒಂಬತ್ತು ತುಂಬಿದ ಮ್ಯಾಲೆ ಎಂಆರ್ ಹಾಕ್ಸಬೇಕು, ಅಂದ್ರ ದಡಾರ ರುಬೆಲ್ಲಾದ್ದು, ನಮ್ಮ ಕಡೆ ದಡಾರಕ್ಕ ಗೊಬ್ಬರ ಅಂತೀವಿ, ಅಷ್ಟೊತ್ತಿಗೆ ಮಳಿ ಕೈಕೊಟ್ಟಿರತೈತಿ, ಗಂಡ ಹೆಂಡ್ತಿ ಕೂಸಿನ್ನ ಕಟ್ಕೊಂಡು ಗೋವಾಕ್ಕ ಸೆಂಟ್ರಿಂಗ್ ಕೆಲಸಕ್ಕ ಹೋಗಿಬಿಟ್ಟಿರತಾರ. ತಾಂಡಾದಾಗಂತೂ ದಸರಾ ದಾಟಿತಂದ್ರ ಅರ್ಧ ಮನಿಗೆ ಕೀಲಿ. ಮುದುಕ್ರು ನಾಯಿ ಇಷ್ಟ ಉಳಿಯೋದು.

ಈಗ ಹೇಳ್ರಿ, ಆ ಕೂಸು ಯಾವೂರದ್ದು?

ಸರ್ಕಾರದ ದಿನದ ಲೆಕ್ಕ ಹೆಂಗಂದ್ರ, ಸೂಜಿ ಎಲ್ಲಿ ಚುಚ್ಚಿದ್ರು ಅಲ್ಲಿ ಒಂದು ಅಂಕಿ ಏರತೈತಿ. ಪ್ರತಿ ತಿಂಗಳ ಆಸ್ಪತ್ರಿಯಿಂದ ಮ್ಯಾಲೆ ಹೋಗೋ ರಿಪೋರ್ಟ್ ಇದ. ಅದರ ಕೆಳಗ ಭಾಗಾಕಾರಕ್ಕ ಇಷ್ಟು ಕೂಸು ಹುಟ್ಟಬೇಕು ಅನ್ನೋ ಟಾರ್ಗೆಟ್ ಇರತೈತಿ, ಅದು 2011ರ ಜನಗಣತಿ ಹಿಡ್ಕೊಂಡು ವರ್ಷಾ ವರ್ಷಾ ಅಂದಾಜಿನ ಮ್ಯಾಲೆ ಎಳಕೊಂತ ಬಂದಿದ್ದು, ಯಾಕಂದ್ರ 2021ರಾಗ ಆಗಬೇಕಿದ್ದ ಗಣತಿ ಆಗ ಆಗಲೇ ಇಲ್ಲ. ಹಿಂಗಾಗಿ ಹೆರಿಗಿ ಜಾಸ್ತಿ ಆಗೋ ಊರಾಗ ನೂರಕ್ಕ ನೂರಾ ಹತ್ತು ಕೂಸಿಗೆ ಲಸಿಕೆ ಆಗೇತಿ ಅಂತ ಬರತೈತಿ, ಪಕ್ಕದ ತಾಲೂಕಿನ್ಯಾಗ ಎಂಬತ್ತಕ್ಕ ನಿಂತಿರತೈತಿ, ಮೀಟಿಂಗ್‌ನ್ಯಾಗ ಬೈಸ್ಕೊಳ್ಳೋದು ಮಾತ್ರ ಎಂಬತ್ತರ ಆಶಾ. ನಮ್ಮ ವೈನಿ ಒಮ್ಮೆ ನನ್ನ ಅಂಗಡ್ಯಾಗ ಸ್ಟೂಲ್ ಮ್ಯಾಲೆ ಕುಂತು ಡ್ಯೂ ಲಿಸ್ಟ್, ಅಂದ್ರ ಲಸಿಕೆ ಬಾಕಿ ಇದ್ದ ಕೂಸುಗಳ ಪಟ್ಟಿ, ಮುಂದಿಟ್ಕೊಂಡು ಕೆಂಪು ಪೆನ್ನಿಂದ ಬರದಿದ್ದು ಇನ್ನೂ ನೆನಪೈತಿ: ಗೋವಾ, ಗೋವಾ, ತವರು, ಗೋವಾ, ಮಂಗಳೂರು, ತವರು. ಹದಿನಾಲ್ಕು ಹೆಸರಿನ್ಯಾಗ ಊರಾಗ ಇದ್ದಿದ್ದು ಐದ ಕೂಸು. 'ಮಾವಾ, ನಾ ಗೋವಾಕ್ಕ ಹೋಗಿ ಹಾಕಿ ಬರ್ಲೇನು' ಅಂತ ನಕ್ಕಳು, ಆದ್ರ ಅವತ್ತ ಆಕೀಗೆ ಸಿಟ್ಟು ಬಂದಿತ್ತು.

ಇನ್ನೊಂದು ಲೆಕ್ಕ ಐತಿ, ಅದು ಮನಿಗೆ ಬಂದು ಮಾಡೋದು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಎಲ್ಲಾ ಮನಿಗೆ ಬರಂಗಿಲ್ಲ, ಆರಿಸಿದ ಊರಿನ್ಯಾಗ ಆರಿಸಿದ ಮನಿ. ಹನ್ನೆರಡರಿಂದ ಇಪ್ಪತ್ಮೂರು ತಿಂಗಳ ಕೂಸು ಇದ್ರ ತಾಯಿ ಕಾರ್ಡ್, ಲಸಿಕೆ ತಾರೀಖು ಬರಿಯೋದು, ತೋರಸ್ರಿ ಅಂತಾರ, ಕಾರ್ಡ್ ಇಲ್ಲಂದ್ರ ತಾಯಿ ಬಾಯಿಮಾತು ಬರ್ಕೊತಾರ. ಇಲ್ಲಿ ಸೂಜಿ ಎಲ್ಲಿ ಹಾಕ್ಸಿದ್ರೂ ಕೂಸು ಒಂದ ಸಲ ಲೆಕ್ಕಕ್ಕ ಬರತೈತಿ, ಅದಕ್ಕ ನಾ ಇದರ ಅಂಕಿನ ಜಾಸ್ತಿ ನಂಬತೀನಿ. ಬಿಸಿಜಿ ಒಂದು, ಪೋಲಿಯೋ ಮೂರು, ಪೆಂಟಾ ಇಲ್ಲಾ ಅದರ ಮುಂಚಿನ ಡಿಪಿಟಿ ಮೂರು, ದಡಾರ ಒಂದು, ಇಷ್ಟೂ ಆಗಿದ್ರ ಪೂರ್ತಿ ಅಂತ ಹಿಡೀತಾರ. ಕರ್ನಾಟಕದಾಗ 2015-16ರ ಸಮೀಕ್ಷೆಯೊಳಗ ಅದು ನೂರಕ್ಕ 62.6 ಇತ್ತು, 2019ರಾಗ ನಮ್ಮ ರಾಜ್ಯಕ್ಕ ಬಂದಾಗ 84.1 ಆತು, ದೇಶದ್ದು 76ರ ಹತ್ರ. ನಡುವ ಮಿಷನ್ ಇಂದ್ರಧನುಷ್ ಅಂತ ಬಿಟ್ಟುಹೋದ ಕೂಸುಗಳನ್ನ ಹುಡುಕಿ ಹಾಕೋ ಕೆಲಸ 2014ರಿಂದ ನಡದಿತ್ತಲ್ಲ, ಅದರದ್ದೂ ಪಾಲೈತಿ. ಉಳದ ಹದಿನಾರು ಯಾರು ಅಂತ ನನ್ನ ಕೇಳಿದ್ರ, ಆ ಕೆಂಪು ಪೆನ್ನಿನ ಗೋವಾ ಗೋವಾದಾಗ ಭಾಳ ಮಂದಿ ಅದಾರ ಅಂತ ನನ್ನ ಅಂದಾಜು.

ಇನ್ನೊಂದು ಸಣ್ಣ ವಿಷಯ, ಗುರುವಾರ ನೀವು ಅಂಗನವಾಡಿಗೆ ಹೋದ್ರ ನಿಮಗ ಕಾಣತೈತಿ. ನೀಲಿ ಡಬ್ಬಿಯೊಳಗ ಐಸ್ ಪ್ಯಾಕ್ ನಡುವ ಬಾಟ್ಲಿ ಇರತಾವು, ಎರಡರಿಂದ ಎಂಟು ಡಿಗ್ರಿಯೊಳಗ ಇರಬೇಕು. ಬಾಟ್ಲಿ ಮ್ಯಾಲೆ ಒಂದು ಗುಂಡನ ಗುರುತು, ಅದರೊಳಗೊಂದು ಬಿಳಿ ಚೌಕ, ಬಿಸಿ ತಾಗಿದಂಗ ಚೌಕ ಕಪ್ಪಗಾಗ್ತಾ ಬಂದು ಸುತ್ತಿನ ಬಣ್ಣಕ್ಕ ಸರಿ ಆತಂದ್ರ ಒಗದುಬಿಡಬೇಕು. ಎಂಆರ್ ಪುಡಿ ರೂಪದಾಗ ಇರತೈತಿ, ನೀರು ಕಲಸಿದ ಮ್ಯಾಲೆ ನಾಲ್ಕು ತಾಸಷ್ಟ ನಡಿಯೋದು, ಒಂದು ಬಾಟ್ಲಿ ಐದೋ ಹತ್ತೋ ಕೂಸಿಗಾಗತೈತಿ. ಒಂದ ಕೂಸು ಬಂದ್ರೂ ಬಾಟ್ಲಿ ಒಡೀರಿ ಅಂತ ನಿಯಮ ಐತಿ, ಆದ್ರ ವೇಸ್ಟ್ ಯಾಕಾತು ಅಂತ ಕೇಳೋರೂ ಇರತಾರಲ್ಲ, ಅದಕ್ಕ ಒಬ್ಬೊಬ್ರು ಸಿಸ್ಟರ್ 'ಮುಂದಿನ ಗುರುವಾರ ಬಾರವ್ವಾ' ಅಂದುಬಿಡತಾರ. ಕೂಲಿ ಬಿಟ್ಟು ಬಂದಾಕಿ ಮುಂದಿನ ಗುರುವಾರ ಬರಂಗಿಲ್ಲ. ನಿಮಗ ಹಂಗ ಅಂದ್ರ ನೀವು ಸುಮ್ನ ಎದ್ದು ಬರಬ್ಯಾಡ್ರಿ, ನಿಮಗ ಕೇಳಾಕ ಬರತೈತಿ, ಕೇಳ್ರಿ.

ಎಚ್‌ಐವಿ ವಿಷಯ. ಇದರ ಲೆಕ್ಕ ಪೂರಾ ಉಲ್ಟಾ. ಲಸಿಕೆಗೆ ಹೆಸರು, ಅಪ್ಪನ ಹೆಸರು, ಫೋನ್ ನಂಬರ್, ಪಲ್ಸ್ ಪೋಲಿಯೋದಾಗ ಬಾಗಲಿಗೆ ಚಾಕ್‌ಪೀಸ್‌ನ್ಯಾಗ ಎಲ್ಲಾ ಕೂಸಿಗೂ ಹಾಕಿದ್ರ ಪಿ, ಯಾರರ ಉಳದಿದ್ರ ಎಕ್ಸ್, ಎಡಗೈ ಕಿರುಬೆರಳಿಗೆ ಮಸಿ, ಊರಿಗೇ ಗೊತ್ತಾಗಬೇಕು ಅಂತಾನ ಮಾಡೋದು. ಎಚ್‌ಐವಿದು ಯಾರಿಗೂ ಗೊತ್ತಾಗಬಾರದು ಅಂತ ಮಾಡೋದು. ದೇಶದಾಗ 1998ರಿಂದ ಆರಿಸಿದ ಆಸ್ಪತ್ರೆಗಳೊಳಗ ತಪಾಸಣಿಗೆ ಬರೋ ಬಸರಿ ಹೆಣ್ಮಕ್ಕಳ ರಕ್ತ, ಒಂದು ಕಡೆ 400 ಮಂದೀದು, ಹೆಸರಿಲ್ಲದ ಪರೀಕ್ಷಾ ಮಾಡಕೋಂತ ಬಂದಾರ. ಬಸರಿಯರನ್ನ ಯಾಕಂದ್ರ ಅವರು ಊರಿನ ಸಾದಾ ಮಂದಿ ಹೆಂಗದಾರ ಅಂತ ತೋರಸೋ ಕನ್ನಡಿ ಇದ್ದಂಗ.

ಆದ್ರ ಆ ಕನ್ನಡಿಯೊಳಗೂ ಊರು ಸೊಟ್ಟ ಕಂಡಿತ್ತು ನೋಡ್ರಿ. ದೇಶದಾಗ 50 ಲಕ್ಷದ ಮ್ಯಾಲೆ ಸೋಂಕಿತರು ಅದಾರ ಅಂತ 2006ರ ತನಕ ಎಲ್ಲಾರೂ ಹೇಳ್ತಿದ್ರು. ಆಗ 2005-06ರ ಮೂರನೇ ಕುಟುಂಬ ಸಮೀಕ್ಷೆಯೊಳಗ, ಅದ ಸಮೀಕ್ಷೆ, ಕೂಸಿನ ಕಾರ್ಡ್ ನೋಡೋದು, ಮೊದಲನೇ ಸಲ ಮನಿ ಮನಿಗೆ ಹೋಗಿ ಲಕ್ಷಕ್ಕೂ ಹೆಚ್ಚು ಮಂದಿ ರಕ್ತದ ಹನಿ ಹೆಸರಿಲ್ಲದ ತಗೊಂಡ್ರು. 2007ರಾಗ ಹೊಸಾ ಲೆಕ್ಕ ಬಂತು, 25 ಲಕ್ಷದ ಹತ್ರ, ಅರ್ಧಕ್ಕ ಅರ್ಧ ಇಳೀತು. ಜಡ್ಡು ಕಡಿಮಿ ಆಗಿದ್ದಲ್ಲ, ನೋಡೋ ಜಾಗ ಬದಲಾಗಿದ್ದು. ಆಸ್ಪತ್ರಿಗೆ ಬಂದೋರನ್ನ ಎಣಿಸೋದು ಬ್ಯಾರೆ, ಮನ್ಯಾಗ ಇದ್ದೋರನ್ನ ಎಣಿಸೋದು ಬ್ಯಾರೆ. ಆ ಸಮೀಕ್ಷೆಯೊಳಗ ದೇಶಕ್ಕ ನೂರಕ್ಕ 0.28 ಬಂದ್ರ ಕರ್ನಾಟಕಕ್ಕ 0.69 ಬಂದಿತ್ತು. ಅಂದ್ರ ನೀವು ಕೇಳಿದ್ದು ಸುಳ್ಳಲ್ಲ, ನಮ್ಮ ರಾಜ್ಯದಾಗ ಜಾಸ್ತಿನ ಇತ್ತು, ಬೆಳಗಾವಿ ಬಾಗಲಕೋಟ ಬೆಲ್ಟ್‌ನ್ಯಾಗ ಇನ್ನೂ ಜಾಸ್ತಿ. ದೇವದಾಸಿ ಪದ್ಧತಿ 1982ರ ಕಾಯ್ದೆಯೊಳಗ ನಿಷೇಧ ಆದ್ರೂ ಬಡತನ ನಿಷೇಧ ಆಗ್ಲಿಲ್ಲ, ಪುಣೆ ಬೆಂಗಳೂರು ಹೈವೇ ಧಾರವಾಡ ಹುಬ್ಬಳ್ಳಿ ಹಾವೇರಿ ನಡಬರಕ ಹೋಗತೈತಿ, ಗಂಡಸರು ತಿಂಗಳಗಟ್ಲೆ ಹೊರಗ. ಈಗ ಹಂಗಿಲ್ಲ. 2021ರ ಅಂದಾಜಿನ್ಯಾಗ ಕರ್ನಾಟಕದ್ದು 0.46ಕ್ಕ ಇಳದೈತಿ, ದೇಶದ್ದು 0.21. ದೇಶಕ್ಕಿಂತ ಈಗಲೂ ಎರಡು ಪಟ್ಟು, ಅದನ್ನ ಮುಚ್ಚಿಡಾಕ ಬರಂಗಿಲ್ಲ.

ಇಲ್ಲೂ ಊರು ಬದಲಾಗತೈತಿ. 2004ರಿಂದ ಎಆರ್‌ಟಿ ಗುಳಿಗಿ, ಅಂದ್ರ ಎಚ್‌ಐವಿ ಹತೋಟ್ಯಾಗ ಇಡೋ ಔಷಧ, ಸರ್ಕಾರಿ ಕೇಂದ್ರದಾಗ ಫುಕಟ ಸಿಗತಾವು. ತನ್ನ ಊರಿನ ಹತ್ರಾನ ಸಿಗತಿದ್ರೂ ಒಬ್ಬಾಂವ ಹಾವೇರಿಂದ ಹುಬ್ಬಳ್ಳಿ ಬಸ್ ಹತ್ತತಾನ, 'ಮಾರ್ಕೆಟ್‌ಗೆ ಹೊಂಟೀನಿ' ಅಂತಾನ, ಯಾಕಂದ್ರ ಅಲ್ಲಿ ಸಾಲಿನ್ಯಾಗ ನಿಂತಾಗ ಬೀಗರು ಸಿಗಂಗಿಲ್ಲ. ಅಂವ ಲೆಕ್ಕಕ್ಕ ಬರೋದು ಹುಬ್ಬಳ್ಳ್ಯಾಗ. ನನ್ನ ಅಂಗಡಿಗೂ ಒಬ್ರು ಬಂದಿದ್ರು, ಪೇಪರ್‌ನ್ಯಾಗ ಸುತ್ತಿದ ಎಆರ್‌ಟಿ ಪುಸ್ತಕದ ಎರಡು ಪುಟ ಜೆರಾಕ್ಸ್ ಬೇಕಿತ್ತು, ನಾ ಉಲ್ಟಾ ಇಟ್ಟು, ಪ್ರಿಂಟ್ ಬಂದಿದ್ದು ಬೋರಲ ಕೊಟ್ಟೆ, ಅವರು ಎಣಿಸಲಾರದ ರೊಕ್ಕ ಇಟ್ಟು ಹೋದ್ರು. ಹಿಂದೊಮ್ಮೆ ವೈನಿ ಒಬ್ಬಾಕಿ ಬಸರಿನ್ನ ಹೆರಿಗಿಗೆ ಕರ್ಕೊಂಡು ಹೋದಾಗ, ಯಾವ ಆಸ್ಪತ್ರಿ ಅಂತ ಬ್ಯಾಡ, ಫೈಲ್ ಮ್ಯಾಲೆ ಕೆಂಪು ಸ್ಕೆಚ್ ಪೆನ್ನಿಂದ ಎಚ್‌ಐವಿ ಅಂತ ದೊಡ್ಡದಾಗಿ ಬರದಿದ್ರಂತ, ಸಂಜಿಯೊಳಗ ವಾರ್ಡಿಗೆಲ್ಲಾ ಗೊತ್ತಾಗಿ ಪಕ್ಕದ ಕಾಟ್ ಖಾಲಿ. ಈಗ 2017ರ ಎಚ್‌ಐವಿ ಕಾಯ್ದೆ ಐತಿ, ಹಂಗ ಬಯಲು ಮಾಡೋ ಹಂಗಿಲ್ಲ.

ಎರಡೂ ಲೆಕ್ಕ ಕೂಡೋ ಜಾಗ ಒಂದೈತಿ, ಅದು ಆರನೇ ವಾರ. ಎಲ್ಲಾ ಕೂಸಿಗೂ ಆವತ್ತ ಮೊದಲನೇ ಪೆಂಟಾ, ತೊಡಿಗೆ. ತಾಯಿಗೆ ಎಚ್‌ಐವಿ ಇದ್ರ ಆ ಕೂಸಿಗೆ ಅದ ಆರು ವಾರಕ್ಕ ಹಿಮ್ಮಡಕ್ಕ ಚುಚ್ಚಿ ಕಾಗದದ ಮ್ಯಾಲೆ ರಕ್ತದ ಬೊಟ್ಟು ಒಣಗಿಸಿ ಲ್ಯಾಬಿಗೆ ಕಳಸ್ತಾರ, ಕಡೀ ಪರೀಕ್ಷಾ ಹದಿನೆಂಟು ತಿಂಗಳಿಗೆ. ತಾಯಿ ಗುಳಿಗಿ ತಪ್ಪಸದ ತಗೊಂಡು ಕೂಸಿಗೂ ಔಷಧ ಹಾಕಿದ್ರ ಕೂಸಿಗೆ ಅಂಟೋದು ನೂರಕ್ಕ ಐದಕ್ಕಿಂತ ಕಡಿಮಿ. ಆದ್ರ ಹದಿನೆಂಟು ತಿಂಗಳೊಳಗ ನಾ ಹೇಳಿದೆನಲ್ಲ, ತವರು, ಗಂಡನ ಮನಿ, ಗೋವಾ, ಅವೆಲ್ಲಾ ಬರತಾವು, ಮ್ಯಾಲೆ ಈ ತಾಯಿ ತನ್ನ ಕೂಸು ಯಾವ ಪಟ್ಟ್ಯಾಗೂ ಬರಬಾರದು ಅಂತಾನ ನೋಡತಿರತಾಳ. ಆಕೀನ್ನ ಹುಡುಕೂದು ನಮ್ಮ ವೈನಿಗೂ ಆಗಂಗಿಲ್ಲ, ವೈನಿಗೆ ಯಾರೂ ಹೇಳೂದೂ ಇಲ್ಲ, ಆ ಕೆಲಸ ಕೌನ್ಸೆಲರ್ ಫೋನ್‌ನ್ಯಾಗ ಮಾಡ್ತಾರ.

ನಿಮ್ಮ ಮಗಂದು ಸುಲಭ ಐತ್ರಿ. ಅಂವಾ ಮೈಸೂರಿನ ಪಟ್ಟ್ಯಾಗ ಅದಾನ, ಅಲ್ಲಿ ಆಶಾ ಈಗ ಅವನ ಹೆಸರಿನ ಮುಂದ 'ಹುಬ್ಬಳ್ಳಿ' ಅಂತ ಕೆಂಪಿನ್ಯಾಗ ಬರದಿರಬೇಕು. ಕೊರೋನಾದಾಗ ಕೋ-ವಿನ್ ಇತ್ತಲ್ಲ, ಹಂಗ ಈಗ ಯು-ವಿನ್ ಬಂದೈತಿ, ಅದರಾಗ ಹೆಸರಿದ್ರ ಯಾವೂರಾಗ ಹಾಕ್ಸಿದ್ರೂ ಒಂದ ಕಡೆ ಏರತೈತಿ. ಇಲ್ಲದಿದ್ರೂ ಚಿಂತಿಲ್ಲ, ಈ ಗುರುವಾರ ತಾಯಿ ಕಾರ್ಡ್ ತಗೊಂಡು ಹೋಗಿ ಎಂಆರ್ ಹಾಕ್ಸ್ರಿ, ವರ್ಷ ತುಂಬೋದ್ರೊಳಗ ಆಗಿಬಿಡ್ಲಿ, ಪಟ್ಟ್ಯಾಗ ಇಲ್ಲ ಅಂತ ಯಾರೂ ತಿರುಗಿ ಕಳಸೋ ಹಂಗಿಲ್ಲ. ಹೋಗೋಕ್ಕಿಂತ ಮುಂಚೆ ಕಾರ್ಡ್‌ದೊಂದು ಜೆರಾಕ್ಸ್ ತಗದು ಮನ್ಯಾಗ ಇಟ್ಕೊರಿ. ಆದ್ರ ಲ್ಯಾಮಿನೇಷನ್ ಮಾಡಸ್ಬ್ಯಾಡ್ರಿ, ವಾರಕ್ಕ ಒಬ್ಬಾಕಿಯರ ಬರತಾಳ ನನ್ನ ಕಡೆ ಕಾರ್ಡ್ ಹರೀತೈತ್ರಿ ಲ್ಯಾಮಿನೇಷನ್ ಮಾಡ್ರಿ ಅಂತ, ನಾ ಮೂವತ್ತು ರೂಪಾಯಿ ಬಿಟ್ಟು ವಾಪಸ್ ಕಳಸ್ತೀನಿ. ಹದಿನಾರನೇ ವರ್ಷಕ್ಕ ಹಾಕೋ ಟಿಡಿ, ಅಂದ್ರ ಧನುರ್ವಾಯು ಡಿಫ್ತೀರಿಯಾ ಸೂಜಿ, ಅಲ್ಲೀತನಕ ಸಿಸ್ಟರ್ ಪೆನ್ನಿಂದ ತಾರೀಖು ಬರೀಬೇಕು, ಪ್ಲಾಸ್ಟಿಕ್ ಮ್ಯಾಲೆ ಮಸಿ ನಿಲ್ಲಂಗಿಲ್ಲ.